ಕರುಳಿನ ಶಸ್ತ್ರಚಿಕಿತ್ಸೆಯ ಅನಂತರ ಮನೆಯ ಮೊಸರು



ನಿಮ್ಮ ಮನೆಯವರೊಬ್ಬರು ಮಣಿಪಾಲದಲ್ಲಿಯೋ ಉಡುಪಿಯಲ್ಲಿಯೋ ಕರುಳಿನ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಕಾರ್ಕಳದ ಮನೆಗೆ ಮರಳಿದ್ದಾರೆಂದು ಭಾವಿಸಿರಿ. ಆಸ್ಪತ್ರೆಯ ಖರ್ಚಿನಿಂದ ಕೈ ಬರಿದಾಗಿದೆ. ಜೀರ್ಣಶಕ್ತಿಗೆಂದು ಇನ್ನೂ ದುಬಾರಿ ಗುಳಿಗೆಗಳನ್ನು ಕೊಳ್ಳಬೇಕೇ ಎಂಬ ಚಿಂತೆ ಸಹಜ. ವೈದ್ಯರು ಬರೆದುಕೊಡದಿದ್ದರೆ ಅವು ಬೇಕಿಲ್ಲ.

ಮೊಸರಿನ ಉಪಯೋಗ

ನಮ್ಮ ಕರುಳಿನಲ್ಲಿ ಜೀರ್ಣಕ್ರಿಯೆಗೆ ನೆರವಾಗುವ ಅಸಂಖ್ಯ ಸೂಕ್ಷ್ಮಜೀವಿಗಳಿವೆ. ಆಂಟಿಬಯಾಟಿಕ್ ಔಷಧಗಳು ರೋಗಾಣುಗಳೊಡನೆ ಇವುಗಳನ್ನೂ ನಾಶಪಡಿಸುವುದರಿಂದ ಕೆಲವರಿಗೆ ಭೇದಿಯಾಗುತ್ತದೆ. ಮೊಸರಿನಲ್ಲಿ ಹಾಲನ್ನು ಹುಳಿಯಾಗಿಸುವ ಜೀವಂತ ಸೂಕ್ಷ್ಮಜೀವಿಗಳಿರುತ್ತವೆ. 1908ರಲ್ಲಿ ನೊಬೆಲ್ ಪಾರಿತೋಷಕ ಪಡೆದ ವಿಜ್ಞಾನಿ ಮೆಚ್ನಿಕಾಫ್ ಇವು ಆರೋಗ್ಯಕ್ಕೆ ಹಿತಕರವೆಂದು ಪ್ರತಿಪಾದಿಸಿದ್ದರು. ಹಾಲು ಒಗ್ಗದ ಅನೇಕರಿಗೆ ಮೊಸರು ಒಗ್ಗುತ್ತದೆ. ಆದರೆ ಮೊಸರು ಆಹಾರವೇ ಹೊರತು ಔಷಧವಲ್ಲ. ಇಡ್ಲಿ, ದೋಸೆಗಳ ಹಿಟ್ಟೂ ಹುಳಿ ಬಂದದ್ದೇ. ಬೇಯಿಸಿದಾಗ ಆ ಜೀವಿಗಳು ಸಾಯುತ್ತವೆ.

ತಯಾರಿಸುವ ಕ್ರಮ

1. ಕೈಗಳನ್ನು ಸಾಬೂನಿನಿಂದ ತೊಳೆಯಿರಿ. ಪಾತ್ರೆಗೆ ಕುದಿಯುವ ನೀರು ಹಾಕಿ ಶುಚಿಗೊಳಿಸಿರಿ.
2. ಅರ್ಧ ಲೀಟರ್ ಹಾಲನ್ನು ಚೆನ್ನಾಗಿ ಕಾಯಿಸಿ, ಉಗುರುಬೆಚ್ಚಗಾದಾಗ ಒಂದು ಚಿಕ್ಕ ಚಮಚ ತಾಜಾ ಹೆಪ್ಪು ಹಾಕಿರಿ.
3. ಮುಚ್ಚಿಡಿರಿ. ಮಳೆಗಾಲದಲ್ಲಿ ಪಾತ್ರೆಗೆ ಬಟ್ಟೆ ಸುತ್ತಿದರೆ ಬೇಗ ಹೆಪ್ಪುಗಟ್ಟುತ್ತದೆ.
4. ದಿನದ ಮೊಸರನ್ನು ದಿನವೇ ಬಳಸಿರಿ. ಮಜ್ಜಿಗೆಗೆ ಕುದಿಸಿ ಆರಿಸಿದ ನೀರನ್ನೇ ಬೆರೆಸಿರಿ.

ಕೊಡುವ ಕ್ರಮ

ವೈದ್ಯರು ಅನ್ನಾಹಾರಕ್ಕೆ ಅನುಮತಿಯಿತ್ತ ಮೇಲೆ ಮೊದಲು ಕುಚ್ಚಲಕ್ಕಿ ಗಂಜಿಯ ತಿಳಿ, ಅನಂತರ ಮೆತ್ತಗಿನ ಗಂಜಿ ಕೊಡಿರಿ. ಅವರ ಒಪ್ಪಿಗೆ ಪಡೆದು ಎರಡು-ಮೂರು ಚಮಚ ಮೊಸರಿನಿಂದ ಆರಂಭಿಸಿ ಕ್ರಮೇಣ ಹೆಚ್ಚಿಸಿರಿ. ಹೊಟ್ಟೆ ಉಬ್ಬರಿಸಿದರೆ ನಿಲ್ಲಿಸಿರಿ. ಕೆಲವು ಮಾತ್ರೆಗಳು ಮೊಸರಿನೊಡನೆ ಸೇವಿಸಿದರೆ ಮೈಗೆ ಹತ್ತುವುದಿಲ್ಲ. ಎಷ್ಟು ಅಂತರವಿರಬೇಕೆಂದು ಕೇಳಿಕೊಳ್ಳಿರಿ. ತಂಗಳನ್ನ, ಖಾರದ ಉಪ್ಪಿನಕಾಯಿ ಸದ್ಯಕ್ಕೆ ಬೇಡ. ಕ್ಯಾನ್ಸರ್ ಔಷಧ ಪಡೆಯುತ್ತಿರುವವರಿಗೆ, ತೀರ ನಿತ್ರಾಣರಾದವರಿಗೆ ವೈದ್ಯರನ್ನು ಕೇಳದೆ ಮೊಸರನ್ನಾಗಲಿ ಜೀವಾಣುಗಳ ಗುಳಿಗೆಗಳನ್ನಾಗಲಿ ಕೊಡಬಾರದು.

ತಡಮಾಡಬೇಡಿರಿ

ಜ್ವರ, ನಿಲ್ಲದ ವಾಂತಿ, ಹೊಟ್ಟೆಯುಬ್ಬರ, ತೀವ್ರ ನೋವು, ಮಲ-ವಾಯು ಕಟ್ಟುವುದು, ಮಲದಲ್ಲಿ ರಕ್ತ, ಗಾಯದಲ್ಲಿ ಕೀವು, ಇವುಗಳಲ್ಲಿ ಒಂದು ಕಂಡರೂ ಮೊಸರನ್ನು ನೆಚ್ಚಿ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿರಿ. ಭೇದಿ ಹೆಚ್ಚಿದರೆ ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಹೇಳಿದಷ್ಟೇ ನೀರಿನಲ್ಲಿ ಕರಗಿಸಿ ಕುಡಿಸುತ್ತ ವೈದ್ಯರನ್ನು ಕಾಣಿರಿ.

ರೋಗಿಯ ಶುಶ್ರೂಷೆ ಹೆಂಡತಿಯೊಬ್ಬಳ ಹೊಣೆಯಲ್ಲ. ಹಾಲು ಕಾಯಿಸಲು, ಗಂಜಿ ಬೇಯಿಸಲು ಗಂಡನೂ ಕೈಜೋಡಿಸಲಿ. ಶುಚಿಯಾದ ಕೈ, ಶುಚಿಯಾದ ಪಾತ್ರೆ, ಸಕಾಲದ ಎಚ್ಚರ: ಇವೇ ಬಡವರ ಮನೆಯ ಭಾಗ್ಯ.