ನೆಲದಡಿಯ ಕೊಳವೆಯ ಪರೀಕ್ಷೆ

ಮನೆಯನ್ನು ಕೊಳ್ಳಹೋದವರು ಗೋಡೆಯ ಬಣ್ಣವನ್ನು ನೋಡುತ್ತಾರೆ, ಗಾಳಿ ಬೆಳಕುಗಳನ್ನು ವಿಚಾರಿಸುತ್ತಾರೆ, ನಲ್ಲಿಯನ್ನು ತಿರುಗಿಸುತ್ತಾರೆ. ಆ ನೀರು ಮುಂದೆ ಎಲ್ಲಿಗೆ ಹೋಗುತ್ತದೆಂದು ಕೇಳುವವರು ವಿರಳ. ನೆಲದಡಿಯ ಮಲಿನಜಲದ ಕೊಳವೆ ಕೆಟ್ಟಿದ್ದರೆ, ಜೀವಮಾನದ ಉಳಿತಾಯವನ್ನು ಸುರಿದು ಕೊಂಡ ಮನೆಯ ನೆಲವನ್ನೇ ಅಗೆಸಬೇಕಾದೀತು. ಮುಂಬಯಿಯಂತಹ ನಗರದ ಹಳೆಯ ಕಟ್ಟಡಗಳಲ್ಲಿ, ಅದರಲ್ಲಿಯೂ ನೆಲ ಅಂತಸ್ತಿನ ಮನೆಗಳಲ್ಲಿ, ಈ ವಿಚಾರಣೆ ಅತ್ಯವಶ್ಯವೆಂದು ನಾವು ಭಾವಿಸುತ್ತೇವೆ.

ಹಳೆಯ ಕೊಳವೆಗಳು ಬಹುಮಟ್ಟಿಗೆ ಮೆರುಗು ಕೊಟ್ಟ ಸುಟ್ಟಮಣ್ಣಿನವು. ಒಂದೊಂದು ತುಂಡಿನ ಉದ್ದ 60 ಸೆಂಟಿಮೀಟರ್ ಎಂದಿಟ್ಟುಕೊಂಡರೆ, 12 ಮೀಟರ್ ದೂರಕ್ಕೆ 20 ತುಂಡುಗಳು, ಅವುಗಳ ನಡುವೆ 19 ಸಂದುಗಳು. ಮಣ್ಣು ಕುಸಿದೆಡೆ ಸಂದು ಬಿಡುತ್ತದೆ. ಬಿಟ್ಟ ಸಂದಿನೊಳಕ್ಕೆ ತೇವವನ್ನರಸಿ ಅಶ್ವತ್ಥದ ಬೇರು ನುಗ್ಗುತ್ತದೆ. ದೇವರ ಮರವಾದರೂ ಕೊಳವೆಯ ಮೇಲೆ ಅದಕ್ಕೆ ಕರುಣೆಯಿಲ್ಲ!

ಇನ್ನು ಇಳಿಜಾರು. ನಾಲ್ಕಂಗುಲದ, ಎಂದರೆ ಸುಮಾರು 100 ಮಿಲಿಮೀಟರ್ ವ್ಯಾಸದ ಕೊಳವೆಗೆ 40ಕ್ಕೆ 1ರಂತೆ ಇಳಿಜಾರು ಕೊಡುವುದು ವಾಡಿಕೆ. ಹಾಗಾದರೆ 12 ಮೀಟರಿಗೆ 30 ಸೆಂಟಿಮೀಟರ್ ಇಳಿಯಬೇಕು. ನಡುವೆ ಎಲ್ಲಿಯಾದರೂ ಕೊಳವೆ ಜಗ್ಗಿದ್ದರೆ ಅಲ್ಲಿ ನೀರು ನಿಂತು ಕಸವು ತಂಗುತ್ತದೆ.

ಇದನ್ನು ಅಗೆಯದೆ ಅರಿಯುವ ಬಗೆ ಹೇಗೆ? ಹಿಂದಿನವರ ಉಪಾಯ ಬಲು ಸೊಗಸಾದುದು. ಒಂದು ತಪಾಸಣೆಯ ಗುಂಡಿಯಲ್ಲಿ ದೀಪವನ್ನೂ ಮುಂದಿನ ಗುಂಡಿಯಲ್ಲಿ ಕನ್ನಡಿಯನ್ನೂ ಇಳಿಬಿಡುವುದು. ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆಂದು ವಿಜ್ಞಾನದ ತರಗತಿಯಲ್ಲಿ ಓದಿದ್ದೇವಷ್ಟೆ. ಕೊಳವೆ ನೇರವಾಗಿಯೂ ತೆರವಾಗಿಯೂ ಇದ್ದರೆ ಕನ್ನಡಿಯಲ್ಲಿ ಪೂರ್ಣವೃತ್ತ ಕಾಣುತ್ತದೆ, ಇಲ್ಲವಾದರೆ ವೃತ್ತ ಮುಕ್ಕಾಗುತ್ತದೆ. ಈಗ ಬಾಗುವ ಕಡ್ಡಿಯ ತುದಿಗೆ ಪುಟ್ಟ ಕ್ಯಾಮೆರಾ ಕಟ್ಟಿ ಒಳಕ್ಕೆ ತಳ್ಳುತ್ತಾರೆ. ಬಿರುಕು ಎಷ್ಟು ಮೀಟರ್ ದೂರದಲ್ಲಿದೆಯೆಂಬುದೂ ಪರದೆಯ ಮೇಲೆ ತಿಳಿಯುತ್ತದೆ.

ಗುಂಡಿಯೊಳಗೆ ಮನುಷ್ಯನನ್ನು ಇಳಿಸುವುದು ಮಾತ್ರ ಸಲ್ಲದು. ಅಲ್ಲಿನ ಹೈಡ್ರೋಜನ್ ಸಲ್ಫೈಡ್ ಅನಿಲವು ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ನಾತ ಹೋಯಿತೆಂದು ನಂಬಿದವನು ಪ್ರಾಣಕ್ಕೆ ಎರವಾಗುತ್ತಾನೆ. ರಕ್ಷಣಾಸಾಧನಗಳಿಲ್ಲದೆ ಮನುಷ್ಯರಿಂದ ಒಳಚರಂಡಿಯನ್ನು ಶುಚಿಮಾಡಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ.

ಬಹುಕಾಲ ಬೀಗ ಹಾಕಿದ್ದ ಮನೆಯಲ್ಲಿ ದುರ್ಗಂಧವಿದ್ದರೆ ಒಡನೆಯೇ ಕೊಳವೆಯನ್ನು ದೂರಬಾರದು. ಬಚ್ಚಲಿನ ಬಾಗುಕೊಳವೆಯಲ್ಲಿ ನಿಂತು ಅನಿಲವನ್ನು ತಡೆಯುವ ನೀರು ಆರಿಹೋಗಿರಬಹುದು. ಒಂದು ಕೊಡ ನೀರು ಸುರಿದು ನೋಡಬೇಕು. ಆಮೇಲೂ ನಾತ ಹೋಗದಿದ್ದರೆ ಕ್ಯಾಮೆರಾದವನನ್ನು ಕರೆಸಬೇಕು. ಕೊಳವೆ ಹಲವು ಮನೆಗಳಿಗೆ ಸೇರಿದ್ದಾದರೆ ದುರಸ್ತಿಯ ವೆಚ್ಚ ಯಾರದೆಂಬುದನ್ನು ಗೃಹನಿರ್ಮಾಣ ಸಂಘದ ಕಡತಗಳಲ್ಲಿ ನೋಡಿಕೊಂಡು, ಅನಂತರ ಮುಂಗಡ ಹಣದ ಮಾತನ್ನೆತ್ತುವುದು ಮೇಲು.