ಖಂತಿ: ತಾಳಿಕೊಳ್ಳುವುದು ಬೇರೆ, ತಲೆ ತಗ್ಗಿಸುವುದು ಬೇರೆ

☸️ *ಇಂದಿನ ಧಮ್ಮ ಚಿಂತನೆ*



ಧಮ್ಮ ಬಂಧುಗಳೇ, ಹತ್ತು ಪಾರಮಿತಗಳ ಪಾಠದಲ್ಲಿ ಈ ವಾರ ಖಂತಿಗೆ ಬಂದಿದ್ದೇವೆ. ಖಂತಿ ಅಂದರೆ ಕ್ಷಾಂತಿ, ತಾಳ್ಮೆ. ಹೋದ ಭಾನುವಾರದ ಸಭೆಯಲ್ಲಿ ಕುಷ್ಟಗಿಯ ತಂಗಿಯೊಬ್ಬರು ಕೇಳಿದ ಪ್ರಶ್ನೆ ನಿಮಗೆ ನೆನಪಿರಬಹುದು: "ಸಾವಿರಾರು ವರ್ಷ ತಾಳಿಕೊಂಡೇ ಬಂದವರು ನಾವು. ನಮಗೇ ಮತ್ತೆ ತಾಳ್ಮೆಯ ಪಾಠ ಯಾಕೆ?" ಅವತ್ತು ನನ್ನ ಬಳಿ ಸರಿಯಾದ ಉತ್ತರ ಇರಲಿಲ್ಲ. ಜನವರಿಯಲ್ಲಿ ಮಾಡಿದ ಒಂದು ಅಗ್ಗದ ವಿಮಾನ ಪ್ರಯಾಣವನ್ನು ನೆನೆದುಕೊಂಡು ಇವತ್ತು ಉತ್ತರಿಸಲು ಪ್ರಯತ್ನಿಸುತ್ತೇನೆ.

*ನಡೆದದ್ದು*

ನಮ್ಮ ಅವ್ವನಿಗೆ ಎಪ್ಪತ್ತು ದಾಟಿದೆ. ಯಲಬುರ್ಗಾ ತಾಲೂಕಿನ ಹಳ್ಳಿಯಲ್ಲಿ ಹುಟ್ಟಿ, ಗಂಗಾವತಿಯ ಭತ್ತದ ಗದ್ದೆಗಳಲ್ಲಿ ನಾಟಿ ಹಚ್ಚಿ ನಮ್ಮನ್ನು ಓದಿಸಿದವಳು. ಸಾಯುವುದರೊಳಗೆ ನಾಗಪುರದ ದೀಕ್ಷಾಭೂಮಿ ನೋಡಬೇಕು ಅನ್ನುವುದು ಅವಳ ಆಸೆ. ಮೊಣಕಾಲು ನೋವಿನಿಂದ ಅಷ್ಟು ದೂರ ರೈಲಿನಲ್ಲಿ ಕೂರುವುದು ಆಗದ ಮಾತು. ಅದಕ್ಕೆ ಕೊಪ್ಪಳದಿಂದ ರಾತ್ರಿ ರೈಲಿಗೆ ಬೆಂಗಳೂರು, ಅಲ್ಲಿಂದ ವಿಮಾನ ಅಂತ ಮಾಡಿ, ಎರಡು ತಿಂಗಳು ಮೊದಲೇ ಟಿಕೆಟ್ ತೆಗೆಸಿದೆ. ಅವ್ವ, ನಾನು, ಅಣ್ಣನ ಮಗ. ಮೂವರಿಗೂ ಅದೇ ಮೊದಲ ವಿಮಾನ.

ಕೌಂಟರಿನಲ್ಲಿ ಅವ್ವನ ಕೈಚೀಲ ತೂಕಕ್ಕೆ ಇಟ್ಟರು. ಒಂಬತ್ತೂವರೆ ಕೆಜಿ ಬಂತು. ಒಳಗೆ ಒಯ್ಯಲು ಏಳು ಕೆಜಿಗೆ ಮಾತ್ರ ಅವಕಾಶ. ಬೇರೆ ಸಾಮಾನು ಒಪ್ಪಿಸುವ ಸೌಲಭ್ಯವಿಲ್ಲದ, ಎಲ್ಲಕ್ಕಿಂತ ಕಡಿಮೆ ದರದ ಟಿಕೆಟ್ ತೆಗೆಸಿದವನು ನಾನೇ. ಕೌಂಟರಿನ ಹುಡುಗ ಹೆಚ್ಚಿನ ದುಡ್ಡು ಕೇಳಿದ. ಚೀಲ ತೆಗೆಸಿ ನೋಡಿದ. ಖಟಿ ರೊಟ್ಟಿ, ಶೇಂಗಾ ಹೋಳಿಗೆ, ಚಟ್ನಿಪುಡಿ. "ಇದನ್ನೇನು ಬಸ್ ಸ್ಟ್ಯಾಂಡ್ ಅಂದುಕೊಂಡಿದ್ದಾರಾ? ಎಲ್ಲಿಂದ ಬರ್ತಾರೋ ಇಂಥವರು" ಎಂದು ಪಕ್ಕದವನಿಗೆ ಹಿಂದಿಯಲ್ಲಿ ಹೇಳಿ ನಕ್ಕ.

ಅವ್ವನಿಗೆ ಮಾತು ಪೂರ್ತಿ ತಿಳಿಯಲಿಲ್ಲ, ಧ್ವನಿ ತಿಳಿಯಿತು. ಅಂಥ ಧ್ವನಿ ಅವಳಿಗೆ ಹೊಸದಲ್ಲ. ಎರಡೂ ಕೈ ಮುಗಿದು, ಬಗ್ಗಿ, "ತಪ್ಪಾತ್ರೀ ಸಾಹೇಬ್ರ, ಬಡವರದೀವಿ, ಬಿಟ್ಟುಬಿಡ್ರಿ" ಅಂದಳು.

ಅಣ್ಣನ ಮಗ ಸಿಡಿದ. "ಯಮ್ಮಾ, ಯಾಕ ಕೈ ಮುಗೀತಿ? ಇವ ಏನ್ ಪುಕ್ಕಟೆ ಕರ್ಕೊಂಡ್ ಹೊಂಟಾನಾ?" ಆಮೇಲೆ ಕೌಂಟರಿನವನ ಕಡೆ ತಿರುಗಿ ಬಾಯಿಗೆ ಬಂದದ್ದು ಬೈದ. ಸಾಲು ನಿಂತುಹೋಯಿತು. ಎಲ್ಲರೂ ನಮ್ಮನ್ನೇ ನೋಡತೊಡಗಿದರು.

ನಾನು ಏನು ಮಾಡಿದೆ? ದೊಡ್ಡವನಂತೆ ಇಬ್ಬರಿಗೂ "ಸುಮ್ಮನಿರ್ರಿ, ತಾಳ್ಮೆ ಇರಲಿ" ಅಂದೆ. ಪಾರಮಿತಗಳ ಪಾಠ ಮಾಡುವವನ ಬಾಯಲ್ಲಿ ಬಂದ ಆ ಮಾತು ಬರೀ ಅಂಜಿಕೆಯಿಂದ ಬಂದದ್ದು. ಜನ ನೋಡುತ್ತಿದ್ದಾರೆ, ಬೇಗ ಮುಗಿಯಲಿ ಅನ್ನುವುದಷ್ಟೇ ನನ್ನ ಮನಸ್ಸಿನಲ್ಲಿತ್ತು.

ದಾರಿ ತೆಗೆದವಳು ಅವ್ವ. ಪಕ್ಕಕ್ಕೆ ಸರಿದು ಕುಳಿತು, ಗಂಟು ಬಿಚ್ಚಿ, ಸಾಲಿನಲ್ಲಿದ್ದವರಿಗೆ ಹೋಳಿಗೆ, ರೊಟ್ಟಿ ಹಂಚತೊಡಗಿದಳು. ನಾಗಪುರದ ಕಡೆ ಹೊರಟಿದ್ದ ಕೂಲಿ ಹುಡುಗರು ತಿಂದರು. ಕೊರಳಲ್ಲಿ ಕಂಪನಿ ಕಾರ್ಡು ಹಾಕಿಕೊಂಡಿದ್ದ ಹುಡುಗಿ ತಿಂದಳು. ಒಬ್ಬ ಹಿರಿಯರು ಇನ್ನೊಂದು ಕೇಳಿ ಇಸಿದುಕೊಂಡರು. ಮತ್ತೆ ತೂಗಿದರೆ ಏಳಕ್ಕಿಂತ ಕೆಳಗೆ ಬಂತು. ಒಳಗೆ ಹೋಗುವಾಗ ಅವ್ವ ನನ್ನ ಕಿವಿಯಲ್ಲಿ ಕೇಳಿದಳು: "ನಾವು ಯಾರಂತ ಗೊತ್ತಿದ್ರ ತಿಂತಿದ್ರೇನೋ?" ನನ್ನ ಬಳಿ ಉತ್ತರ ಇರಲಿಲ್ಲ.

*ಮಸೂರಿನ ಬಂಡಿ*

ಒಳಗೆ ಕುಳಿತಾಗ ಬಾಬಾಸಾಹೇಬರ 'ವೀಸಾಗಾಗಿ ಕಾಯುತ್ತಾ' ಬರಹದ ಮೊದಲ ಪ್ರಸಂಗ ನೆನಪಾಯಿತು. ಅದೂ ಒಂದು ಪ್ರಯಾಣದ ಕಥೆಯೇ. 1901ರ ಬೇಸಿಗೆ. ಬಾಲಕ ಭೀಮ, ಅಣ್ಣ ಮತ್ತು ಅಕ್ಕನ ಕಡೆಯ ಮಕ್ಕಳು ಕೋರೆಗಾಂವದಲ್ಲಿದ್ದ ತಂದೆಯನ್ನು ಕಾಣಲು ಹೊರಟು ಮಸೂರು ನಿಲ್ದಾಣದಲ್ಲಿ ಇಳಿದರು. ಒಳ್ಳೆಯ ಬಟ್ಟೆ ನೋಡಿ ಸ್ಟೇಷನ್ ಮಾಸ್ತರ ಮೊದಲು ಪ್ರೀತಿಯಿಂದ ವಿಚಾರಿಸಿದರು. ಜಾತಿ ತಿಳಿದೊಡನೆ ಅವರ ಮುಖ ಬೇರೆಯಾಯಿತು. ಬಂಡಿಯವರು ಯಾರೂ ಒಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಮಕ್ಕಳೇ ಬಂಡಿ ಹೊಡೆದುಕೊಂಡು ಹೋಗುವುದು ಎಂದಾಯಿತು. ಬಂಡಿಯ ಯಜಮಾನ ಪಕ್ಕದಲ್ಲಿ ನಡೆದು ಬಂದ. ಅವರ ಬಳಿ ಬುತ್ತಿ ಇತ್ತು. ಕುಡಿಯಲು ನೀರು ಕೊಡುವವರು ಇರಲಿಲ್ಲ. ನೀರಿಲ್ಲದೆ ಬುತ್ತಿ ಗಂಟಲಿಗೆ ಇಳಿಯದೆ ಮಕ್ಕಳು ಹಸಿದೇ ಮಲಗಿದರು.

ಅವ್ವ ವಿಮಾನ ನಿಲ್ದಾಣದ ನಳದಲ್ಲಿ ಬಾಟಲಿ ತುಂಬಿಸಿಕೊಳ್ಳುತ್ತಿದ್ದಳು. ಅವಳ ಹಿಂದೆ ಮುಂದೆ ಯಾರು ಯಾರೋ ನಿಂತು ಅದೇ ನಳದ ನೀರು ಹಿಡಿಯುತ್ತಿದ್ದರು. ಇದು ತಾನಾಗಿ ಆದ ಬದಲಾವಣೆ ಅಲ್ಲ. ಮಸೂರಿನ ಆ ಬಾಲಕ ಆ ದಿನವನ್ನು ಮರೆಯಲಿಲ್ಲ, ಅದಕ್ಕೇ ಆಯಿತು. ಮರೆಯದೆ ಇಟ್ಟುಕೊಂಡು ಓದಿದರು, ಬರೆದರು, ಚೌದಾರ ಕೆರೆಗೆ ಇಳಿದರು, ಸಂವಿಧಾನದವರೆಗೆ ನಡೆದರು. ಅವರು ಸಹಿಸಿಕೊಂಡು ಸುಮ್ಮನೆ ಕೂರಲಿಲ್ಲ. ಸಿಟ್ಟಿನಲ್ಲಿ ತಮ್ಮನ್ನು ಸುಟ್ಟುಕೊಳ್ಳಲೂ ಇಲ್ಲ.

*ಎರಡು ಬಾಣ, ಎರಡು ಸುತ್ತ*

ಸಂಯುತ್ತ ನಿಕಾಯದ ಸಲ್ಲತ್ಥ ಸುತ್ತ ನಮಗೆ ಪರಿಚಿತ. ಬಾಣ ತಗುಲಿದಾಗ ಮೈಗೆ ನೋವಾಗುತ್ತದೆ. ಅದು ಮೊದಲ ಬಾಣ. "ನನಗೇ ಯಾಕೆ ಹೀಗೆ" ಎಂದು ಮನಸ್ಸು ಗೋಳಾಡುವುದು, ಕುದಿಯುವುದು ಎರಡನೆಯ ಬಾಣ. ತಿಳಿದವರು ಒಂದೇ ಬಾಣದ ನೋವು ಉಣ್ಣುತ್ತಾರೆ, ತಿಳಿಯದವರು ಎರಡರದ್ದೂ. ಆ ದಿನ ಅಣ್ಣನ ಮಗ ಗಂಟೆಗಟ್ಟಲೆ ಕುದಿಯುತ್ತಲೇ ಇದ್ದ. ಕೌಂಟರಿನ ಹುಡುಗ ಆ ಮಾತನ್ನು ಯಾವಾಗಲೋ ಮರೆತಿದ್ದ. ಇವನು ಎರಡನೆಯ ಬಾಣವನ್ನು ತಾನೇ ತಿರುವುತ್ತಾ ಕುಳಿತಿದ್ದ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಕುಷ್ಟಗಿಯ ತಂಗಿಯ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಮೊದಲ ಬಾಣವನ್ನು ಮೈಯಲ್ಲೇ ಬಿಟ್ಟುಕೊಳ್ಳಿ ಎಂದು ಭಗವಾನರು ಹೇಳಿಲ್ಲ. ಚೂಳಮಾಲುಂಕ್ಯ ಸುತ್ತದಲ್ಲಿ ಇನ್ನೊಂದು ಬಾಣದ ಉಪಮೆ ಇದೆ. ವಿಷದ ಬಾಣ ತಗುಲಿದವನೊಬ್ಬ, ಹೊಡೆದವನು ಕ್ಷತ್ರಿಯನೋ ಬ್ರಾಹ್ಮಣನೋ ವೈಶ್ಯನೋ ಶೂದ್ರನೋ ತಿಳಿಯುವವರೆಗೆ ಬಾಣ ಕೀಳಿಸುವುದಿಲ್ಲ ಎಂದು ಹಟ ಹಿಡಿದರೆ ಸಾಯುತ್ತಾನೆ ಎನ್ನುತ್ತಾರೆ ಭಗವಾನರು. ಮೊದಲು ಬಾಣ ಕೀಳಬೇಕು. ಎರಡನ್ನೂ ಸೇರಿಸಿ ಓದಿದರೆ ಖಂತಿಯ ಅರ್ಥ ತಿಳಿಯುತ್ತದೆ. ಕೈ ನಡುಗದ ಹಾಗೆ ಮನಸ್ಸನ್ನು ಇಟ್ಟುಕೊಳ್ಳುವುದು ಖಂತಿ. ಆ ನಡುಗದ ಕೈಯಿಂದ ಬಾಣ ಕೀಳುವುದು ವಿರಿಯ. ಪಾರಮಿತಗಳಲ್ಲಿ ಇವೆರಡೂ ಇವೆ. ದೀಕ್ಷೆಯ ದಿನ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಹತ್ತೂ ಪಾರಮಿತಗಳನ್ನು ಪಾಲಿಸುವ ಮಾತಿದೆ. ಖಂತಿಯನ್ನಷ್ಟೇ ಆರಿಸಿಕೊಳ್ಳಿ ಎಂದು ಅವರು ಹೇಳಲಿಲ್ಲ.

*ವಿಂಗಡಿಸಿ ನೋಡುವುದು*

ಒಂದು ಗಂಟೆಗೆ ಹೊರಡಬೇಕಾದ ವಿಮಾನ ಐದಕ್ಕೆ ಎಂದು ಫಲಕದಲ್ಲಿ ಬಂತು. ಕಾರಣ ಬೆಳಗಿನ ಮಂಜು ಅಂದರು. "ಹೊರಗ ಬಿಸಲ ಹೊಡ್ಯಾಕತ್ತೈತಿ, ಎಲ್ಲೀ ಮಂಜು?" ಎಂದು ಅಣ್ಣನ ಮಗ ಮತ್ತೆ ಎದ್ದ. ಅವ್ವ ಹಣೆ ಮುಟ್ಟಿಕೊಂಡು "ನಮ್ಮ ಹಣೆಬರಹ" ಅಂದಳು.

ಅಲ್ಲೇ ಕುಳಿತು ಯೋನಿಸೋ ಮನಸಿಕಾರ, ಅಂದರೆ ಬೇರಿನವರೆಗೆ ಹೋಗಿ ಯೋಚಿಸುವುದು, ಮಾಡಿ ನೋಡಿದೆವು. ಅಗ್ಗದ ವಿಮಾನ ಅಗ್ಗವಾಗುವುದು ಹೇಗೆ? ಸೀಟು, ಊಟ, ಸಾಮಾನು ಎಲ್ಲಕ್ಕೂ ಬೇರೆ ಬೇರೆ ದುಡ್ಡು. ಒಂದೇ ವಿಮಾನ ನೆಲದ ಮೇಲೆ ಹೆಚ್ಚು ಹೊತ್ತು ನಿಲ್ಲದೆ ದಿನವಿಡೀ ಊರಿಂದೂರಿಗೆ ಹಾರುತ್ತಲೇ ಇರುತ್ತದೆ. ಹೀಗಾಗಿ ಬೆಳಗ್ಗೆ ಒಂದು ಕಡೆ ಮಂಜಿಗೆ ನಿಂತರೆ ಆ ತಡ ಸರಪಳಿಯಂತೆ ಸಂಜೆಯವರೆಗೆ ಎಳೆಯುತ್ತದೆ. ಇದು ಇದ್ದರೆ ಅದು ಆಗುತ್ತದೆ. ಪಟಿಚ್ಚ ಸಮುಪ್ಪಾದ ಅಂದರೆ ಇದೇ. ಇದರಲ್ಲಿ ಹಣೆಬರಹಕ್ಕೆ ಜಾಗವಿಲ್ಲ.

ಹಾಗೆ ನೋಡಿದಾಗ ಆ ದಿನದ ಕಷ್ಟಗಳು ಮೂರು ಗುಂಪಾದವು. ಮಂಜು ಯಾರ ತಪ್ಪೂ ಅಲ್ಲ. ಚೀಲದ ತೂಕ ನಮ್ಮ ತಪ್ಪು. ಟಿಕೆಟ್ಟಿನಲ್ಲೇ ಬರೆದಿತ್ತು, ನಾನು ಓದಿರಲಿಲ್ಲ. ಆ ಮಾತು, ಆ ನಗೆ ಅವರ ತಪ್ಪು. ಅವ್ವ ಮೂರನ್ನೂ ತನ್ನ ಮೇಲೆ ಹೊತ್ತುಕೊಂಡಿದ್ದಳು. ಅಣ್ಣನ ಮಗ ಮೂರನ್ನೂ ಅವರ ಮೇಲೆ ಹಾಕಿದ್ದ. ನಾನು ಮೂರನ್ನೂ ಮುಚ್ಚಿಡಲು ನೋಡಿದ್ದೆ. ಯಾರ ತಪ್ಪಿಗೆ ಯಾರನ್ನು ಕೇಳಬೇಕು ಅನ್ನುವುದು ಮೂವರಿಗೂ ಗೊತ್ತಾಗಿರಲಿಲ್ಲ.

ಆಮೇಲೆ ಗೇಟಿನ ಬಳಿ ಹೋದೆ. ಜನ ಮುತ್ತಿಕೊಂಡು ಕೂಗುತ್ತಿದ್ದರು. ನಡುವೆ ಕಂಪನಿಯ ಹುಡುಗಿಯೊಬ್ಬಳು, ಕಣ್ಣು ಕೆಂಪಾಗಿ, ಒಬ್ಬಳೇ ನಿಂತಿದ್ದಳು. ಮಂಜು ಅವಳು ತಂದದ್ದಲ್ಲ. ನಾನು ನಿಧಾನವಾಗಿ ಕೇಳಿದೆ: "ತಂಗೀ, ಎರಡು ಗಂಟೆಗಿಂತ ಜಾಸ್ತಿ ತಡ ಆಗಿದೆ. ನಿಯಮದ ಪ್ರಕಾರ ಊಟ-ತಿಂಡಿ ಕೊಡಬೇಕಲ್ಲ?" ಅವಳು ಹೂಂ ಅಂದಳು, ಫೋನ್ ಮಾಡಿದಳು. ಅರ್ಧ ಗಂಟೆಯಲ್ಲಿ ಎಲ್ಲರಿಗೂ ಉಪ್ಪಿಟ್ಟಿನ ಪೊಟ್ಟಣ, ನೀರು ಬಂತು. ಆಮೇಲೆ ಮೇಲ್ವಿಚಾರಕರನ್ನು ಕರೆಸಿ ಹೇಳಿದೆ: "ತೂಕದ ತಪ್ಪು ನಮ್ಮದು, ಒಪ್ಪಿಕೊಂಡೀವಿ. ಮಾತಿನ ತಪ್ಪು ನಿಮ್ಮದು, ಅದನ್ನ ನೀವು ಒಪ್ಪಿಕೊಳ್ಳಬೇಕು." ಅವರು ನನಗೆ ಕ್ಷಮೆ ಕೇಳಿದರು. "ನನ್ನನ್ನಲ್ಲ, ಅವ್ವನನ್ನ ಕೇಳ್ರಿ" ಅಂದೆ. ಹೋಗಿ ಕೇಳಿದರು. ಅವ್ವ ಮತ್ತೆ ಕೈ ಮುಗಿಯಲು ಹೋದಳು, ನಡುವೆಯೇ ನಿಲ್ಲಿಸಿ ಕೈ ಮಡಿಲಲ್ಲಿ ಇಟ್ಟುಕೊಂಡಳು. "ಆತು, ಮುಂದ ಯಾರಿಗೂ ಹಂಗ ಅನಬ್ಯಾಡ್ರಿ" ಅಂದಳು. ಸಮ್ಮಾ ವಾಚಾದ ಪಾಠವನ್ನು ಓದು ಬಾರದ ನಮ್ಮ ಅವ್ವ ಒಂದೇ ಮಾತಿನಲ್ಲಿ ಮುಗಿಸಿದಳು.

*ತಿಳಿದಿರಲಿ*

ಡಿಜಿಸಿಎ ನಿಯಮದಂತೆ, ಹೊತ್ತಿಗೆ ಸರಿಯಾಗಿ ಚೆಕ್-ಇನ್ ಮಾಡಿದವರಿಗೆ, ಎರಡೂವರೆ ಗಂಟೆಯೊಳಗಿನ ಪ್ರಯಾಣವಾದರೆ 2 ಗಂಟೆಗೂ ಮೀರಿದ ತಡಕ್ಕೆ ಊಟ-ತಿಂಡಿ ಕೊಡಬೇಕು. ದೇಶದೊಳಗಿನ ವಿಮಾನ 6 ಗಂಟೆಗೂ ಹೆಚ್ಚು ತಡವಾಗುವುದಾದರೆ ಬೇರೆ ವಿಮಾನವೋ ಪೂರ್ತಿ ಹಣ ವಾಪಸೋ ಎಂಬ ಆಯ್ಕೆ ಕೊಡಬೇಕು. ದೂರು ಕೊಡಲು ಸರ್ಕಾರದ 'ಏರ್‌ಸೇವಾ' ಆ್ಯಪ್ ಇದೆ. ಹಕ್ಕು ಗೊತ್ತಿಲ್ಲದವರು ಒಂದೋ ಕೈ ಮುಗಿಯುತ್ತಾರೆ, ಇಲ್ಲವೋ ಕೂಗುತ್ತಾರೆ. ಗೊತ್ತಿದ್ದವರು ಕೇಳುತ್ತಾರೆ. ಅದಕ್ಕೇ ಬಾಬಾಸಾಹೇಬರು ಓದಿಗೆ ಮೊದಲ ಜಾಗ ಕೊಟ್ಟರು.

*ನಮ್ಮ ಜಿಲ್ಲೆಯ ಎರಡು ಸಾಕ್ಷಿ*

ವಿಮಾನದ್ದು ಸಣ್ಣ ಮಾತು. ದೊಡ್ಡದನ್ನೂ ನಮ್ಮ ನೆಲ ಕಂಡಿದೆ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ನಮ್ಮವರ ಮೇಲೆ ದಾಳಿಯಾಗಿ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ನಡೆದ ಪ್ರಕರಣದಲ್ಲಿ 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲಿನ ನ್ಯಾಯಾಲಯಗಳ ದಾರಿ ಮುಂದೆಯೂ ಇರುತ್ತದೆ. ಆ ಹತ್ತು ವರ್ಷ ಬೆಂಕಿಗೆ ಬೆಂಕಿ ಹಚ್ಚದೆ, ಹೆದರಿ ಹಿಂದೆಯೂ ಸರಿಯದೆ ಸಾಕ್ಷಿ ಹೇಳಿ ನಿಂತವರದು ಖಂತಿ. ತಂಗೀ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ನಮ್ಮ ಹಿರಿಯರ ಮೇಲೆ ಹೇರಿದ್ದು ತಾಳ್ಮೆಯಲ್ಲ, ಮೌನ. ತಾಳ್ಮೆಯನ್ನು ನಾವು ಈಗ ಕಲಿಯುತ್ತಿದ್ದೇವೆ.

ಎರಡನೆಯ ಸಾಕ್ಷಿ ಕೊಪ್ಪಳದ ಗವಿಮಠದ ಬಂಡೆಯ ಮೇಲಿದೆ. ಅಲ್ಲಿನ ಶಾಸನದಲ್ಲಿ ಅಶೋಕ, ಉಪಾಸಕನಾದ ಮೇಲೂ ಒಂದು ವರ್ಷ ತಾನು ಹೆಚ್ಚು ಪ್ರಯತ್ನ ಮಾಡಲಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಈ ಫಲ ದೊಡ್ಡವರಿಗೆ ಮಾತ್ರ ಸಿಗುವುದಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸಿಗುತ್ತದೆ ಎನ್ನುತ್ತಾನೆ. ಚಕ್ರವರ್ತಿಯೇ ತನ್ನ ಆಲಸ್ಯ ಒಪ್ಪಿಕೊಂಡ ಮೇಲೆ ನನ್ನ ಅಂಜಿಕೆ ಒಪ್ಪಿಕೊಳ್ಳಲು ನನಗೇನು ನಾಚಿಕೆ?

*ನಾಗಪುರ*

ಸಂಜೆ ವಿಮಾನ ಇಳಿಯಿತು. ಗಗನಸಖಿಯ ಇಂಗ್ಲಿಷ್ ಪ್ರಕಟಣೆಯಲ್ಲಿ ಅವ್ವನಿಗೆ ಎರಡೇ ಪದ ತಿಳಿದವು: ಬಾಬಾಸಾಹೇಬ್, ಅಂಬೇಡ್ಕರ್. ನಾಗಪುರದ ವಿಮಾನ ನಿಲ್ದಾಣಕ್ಕೆ ಅವರದೇ ಹೆಸರು. 1956ರ ಅಕ್ಟೋಬರ್ 11ರಂದು ಬಾಬಾಸಾಹೇಬರು ದೀಕ್ಷೆಗಾಗಿ ಇದೇ ಊರಿಗೆ ದೆಹಲಿಯಿಂದ ವಿಮಾನದಲ್ಲೇ ಬಂದಿಳಿದಿದ್ದರು ಎಂದು ಹೇಳಿದೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುದಿನ ದೀಕ್ಷಾಭೂಮಿಯ ಸ್ತೂಪದೊಳಗೆ ಬುದ್ಧಮೂರ್ತಿಯ ಮುಂದೆ ಅವಳು ಬಹಳ ಹೊತ್ತು ಕೈ ಮುಗಿದು ನಿಂತಿದ್ದಳು, ಬೆನ್ನು ನೆಟ್ಟಗೆ. ಹೊರಗೆ ಬಂದ ಮೇಲೆ ಮೊಮ್ಮಗನಿಗೆ ಹೇಳಿದಳು: "ಅಂಜಿ ಮುಗಿಯೂದು ಬ್ಯಾರೆ, ಇದು ಬ್ಯಾರೆ."

*ಇಂದಿನ ಅಭ್ಯಾಸ*

1. ಇವತ್ತು ಯಾರಾದರೂ ನೋವಾಗುವಂತೆ ಮಾತಾಡಿದರೆ ಉತ್ತರಿಸುವ ಮೊದಲು ಮೂರು ಉಸಿರು ಎಣಿಸಿ. ನಮ್ಮ ತಪ್ಪೆಷ್ಟು, ಅವರ ತಪ್ಪೆಷ್ಟು, ಯಾರದೂ ಅಲ್ಲದ್ದೆಷ್ಟು ಎಂದು ವಿಂಗಡಿಸಿ.
2. ನಮ್ಮದನ್ನು ಒಪ್ಪಿಕೊಳ್ಳಿ. ಅವರದನ್ನು ದನಿ ಏರಿಸದೆ, ದನಿ ಇಳಿಸದೆ ಹೇಳಿ.
3. ಮನೆಯ ಹಿರಿಯರು ಕಚೇರಿ, ಬ್ಯಾಂಕು, ಆಸ್ಪತ್ರೆಗಳಲ್ಲಿ ಅಂಜಿ ಕೈ ಮುಗಿಯುವುದನ್ನು ಕಂಡರೆ ಬೈಯಬೇಡಿ. ಪಕ್ಕದಲ್ಲಿ ನಿಂತು, ಅವರ ಪರವಾಗಿ ನೆಟ್ಟಗೆ ನಿಂತು ಕೇಳಿ.

ಓದಿ, ಓದಲು ಬಾರದ ಹಿರಿಯರಿಗೂ ಓದಿ ಹೇಳಿ.

ಭವತು ಸಬ್ಬ ಮಂಗಲಂ. ಜೈ ಭೀಮ್. 🙏