ಗಿಡ ಕೊಳ್ಳಲು ಗೆಳತಿ ಜೊತೆಗಿರಲಿ

ಕಳೆದ ಭಾನುವಾರ ಗೆಳತಿಯ ಜೊತೆ ಊರಾಚೆಯ ನರ್ಸರಿಗೆ ಹೋಗಿದ್ದೆ. ಸೋರುವ ಹಂಡೆಯಲ್ಲಿ ಜರಿಗಿಡ, ತುಕ್ಕು ಹಿಡಿದ ಸ್ಕೂಟರಿನ ತುಂಬ ಟೇಬಲ್ ರೋಸ್, ಮುರುಕು ಏಣಿಯ ಮೆಟ್ಟಿಲಿಗೊಂದರಂತೆ ಕ್ರೋಟನ್. ಮನಸೋತು ಗುಲಾಬಿಗೆ ಕೈಹಾಕಿದೆ. ‘ನಿನ್ನ ಬಾಲ್ಕನಿಗೆ ಬಿಸಿಲು ಎಷ್ಟು ಹೊತ್ತು ಬರತ್ತೆ ಮಾರಾಯ್ತಿ?’ ಎಂದಳು. ಬರುವುದು ಬೆಳಗಿನ ಒಂದೇ ತಾಸು. ಗುಲಾಬಿಗೆ ದಿನಕ್ಕೆ 6 ತಾಸಾದರೂ ಬೇಕು. ಸುಮ್ಮನೆ ಸ್ನೇಕ್ ಪ್ಲಾಂಟ್ ಎತ್ತಿಕೊಂಡೆ.

ನೀವೂ ಹೋದಾಗ ಅಂದಕ್ಕೆ ಮರುಳಾಗುವ ಮುನ್ನ ಎಲೆ ಮಗುಚಿ ನೋಡಿ. ಅಡಿಯಲ್ಲಿ ಹತ್ತಿಯಂಥ ಬಿಳಿ ಅಂಟು ಕಂಡರೆ ಅದು ಹಿಟ್ಟು ತಿಗಣೆ. ಮನೆಯ ಗಿಡಗಳಿಗೂ ಹಬ್ಬುತ್ತದೆ. ಅರಳಿದ ಹೂವಿಗಿಂತ ಮೊಗ್ಗು ಹೆಚ್ಚಿರುವ ಗಿಡ ಆರಿಸಿ. ತಂದ ದಿನವೇ ಕುಂಡ ಬದಲಿಸಬೇಡಿ. ವಾರವಿಡೀ ನೆರಳಲ್ಲಿಟ್ಟು ಹೊಸ ಜಾಗಕ್ಕೆ ಒಗ್ಗಲು ಬಿಡಿ. ಹಳೇ ಪಾತ್ರೆಯಲ್ಲಿ ನೆಡುವುದಾದರೆ ತಳಕ್ಕೊಂದು ತೂತು ಕೊರೆಯಿರಿ, ನೀರು ನಿಂತರೆ ಬೇರು ಕೊಳೆಯುತ್ತದೆ. ಆ ನರ್ಸರಿಯ ಹಂಡೆ ಸೋರುತ್ತಿದ್ದದ್ದಕ್ಕೇ ಅದರ ಜರಿಗಿಡ ನಳನಳಿಸುತ್ತಿತ್ತು.

ಕೊನೆಯದಾಗಿ, ‘ಬೇಡ’ ಎನ್ನಬಲ್ಲ ಗೆಳತಿಯನ್ನೇ ಕರೆದೊಯ್ಯಿರಿ. ದುಡ್ಡೂ ಉಳಿಯುತ್ತದೆ, ಗಿಡವೂ ಉಳಿಯುತ್ತದೆ.